ಪದ್ಮಾ ತೀರದ ಅಜ್ಜಿ, ಸಂಜಯನಗರದ ಮೊಮ್ಮಗ

ಸಂಜಯನಗರದ ಮುಖ್ಯರಸ್ತೆಯಲ್ಲಿ ಸಂಜೆ ಏಳರ ಮೇಲೆ ಓಡಾಡಿದ್ದೀರಾ? ಬಸ್ಸಿನ ಹಾರನ್ನು, ಪಾನಿಪೂರಿ ಗಾಡಿ, ರೂಮು ಹುಡುಕುವ ಹುಡುಗರ ಗುಂಪು... ಗೆದ್ದಲಹಳ್ಳಿ ಕಡೆ ಒಂದು ಎಗ್‌ರೈಸ್ ಗಾಡಿ. ಬಾಣಲೆ ಮುಂದೆ ನಿಂತ ಹುಡುಗ ಫೋನಿನಲ್ಲಿ ಬಂಗಾಳಿ ಮಾತಾಡ್ತಿದ್ದ.

'ಕಲ್ಕತ್ತಾನೇನಪ್ಪಾ?' ಅಂದೆ.

'ಇಲ್ರೀ ಅಣ್ಣಾ, ಸಿಂಧನೂರು!'

ಅಪ್ಪಟ ರಾಯಚೂರು ಕನ್ನಡ! ಕೈಲಿದ್ದ ಪ್ಲೇಟು ಬೀಳೋದೊಂದು ಬಾಕಿ.

ವಿಷಯ ಇಷ್ಟು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ಬಂಗಾಳಿ ಕುಟುಂಬಗಳನ್ನು ಸರ್ಕಾರ ದೇಶದ ನಾನಾ ಕಡೆ ನೆಲೆಗೊಳಿಸಿತು. ಅವರಲ್ಲಿ ಕೆಲವರು ಬಂದಿದ್ದು ತುಂಗಭದ್ರಾ ಕಾಲುವೆಯ ಸಿಂಧನೂರು ತಾಲ್ಲೂಕಿಗೆ. ಆ ಜಾಗಕ್ಕೆ ಈಗಲೂ 'ಆರ್.ಎಚ್. ಕ್ಯಾಂಪು' ಅಂತಲೇ ಹೆಸರು. ಭತ್ತ ಬೆಳೀತಾರೆ, ಮೀನು ತಿಂತಾರೆ, ದಸರೆಗೆ ದುರ್ಗಾಪೂಜೆ ಮಾಡ್ತಾರೆ.

ಸಿನಿಮಾ ಹುಚ್ಚನಾದ ನಾನು ಸುಮ್ಮನಿರ್ತೀನಾ? ಗಾಡಿ ಮುಚ್ಚಿದ ಮೇಲೆ ಅಂಗಡಿ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಋತ್ವಿಕ್ ಘಟಕ್‌ರ 'ಕೋಮಲ್ ಗಾಂಧಾರ್' ಹಾಕಿದೆ. ೧೯೬೧ರ ಕಪ್ಪು ಬಿಳುಪು ಚಿತ್ರ. ನಾಟಕ ತಂಡದ ನಾಯಕ, ನಾಯಕಿ ಪದ್ಮಾ ನದಿ ದಡದಲ್ಲಿ ನಿಂತು ಆಚೆ ದಡ ನೋಡ್ತಾರೆ. ಅಲ್ಲೇ ಅವರ ಊರು, ಆದ್ರೆ ಈಗ ಬೇರೆ ದೇಶ! ಕ್ಯಾಮೆರಾ ರೈಲು ಕಂಬಿ ಮೇಲೆ ದಡದಡ ಓಡುತ್ತೆ... ಕಂಬಿ ಮುಗಿದು ಪರದೆ ಕಪ್ಪು!

ಹುಡುಗ ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಅಂದ: 'ನಮ್ಮಜ್ಜಿ ಸಾಯೋತನಕ ಇದನ್ನ ಹೇಳ್ತಿದ್ಲು ರೀ. ನದಿ ದಾಟಿದ್ರ ನಮ್ಮನಿ ಅಂತ.'

ಇದೇ ಹುಡುಗನಿಗೆ ಈ ಏರಿಯಾದಲ್ಲಿ ರೂಮು ಸಿಗಲು ಎರಡು ತಿಂಗಳು ಬೇಕಾಯ್ತು. ಆಧಾರ್ ಕಾರ್ಡಲ್ಲಿ ರಾಯಚೂರು ಜಿಲ್ಲೆ ಅಂತಿದೆ. ಆದರೂ ಒಬ್ಬ ಮನೆ ಮಾಲೀಕರು ಅವನ ಬಂಗಾಳಿ ಕೇಳಿದ್ದೇ ತಡ, 'ಬಾಂಗ್ಲಾದೇಶಿನಾ?' ಅಂತ ಬಾಗಿಲು ಹಾಕಿಕೊಂಡರಂತೆ. ಕೊನೆಗೆ ಕ್ಯಾಂಪಿನ ಗೆಳೆಯರ ರೂಮಲ್ಲೇ ಚಾಪೆ ಹಾಸಿದ.

ಸ್ವಲ್ಪ ಲೆಕ್ಕ ಹಾಕಿ ಮಿತ್ರರೇ. ಅಜ್ಜಿ ಹುಟ್ಟಿದಾಗ ಬಂಗಾಳ ಒಂದೇ. ೧೯೪೭ರಲ್ಲಿ ಅವಳ ಊರು ಪಾಕಿಸ್ತಾನಕ್ಕೆ ಸೇರಿತು. ಬಾಂಗ್ಲಾದೇಶ ಹುಟ್ಟಿದ್ದು ೧೯೭೧ರಲ್ಲಿ. ಅಷ್ಟರಲ್ಲಿ ಅಜ್ಜಿ ಊರು ಬಿಟ್ಟಾಗಿತ್ತು! ಬಾಂಗ್ಲಾದೇಶದಲ್ಲಿ ಒಂದು ದಿನವೂ ಬಾಳದವಳ ಮೊಮ್ಮಗ, ಸಿಂಧನೂರಲ್ಲಿ ಹುಟ್ಟಿದವನು, ಬೆಂಗಳೂರಲ್ಲಿ ಬಾಂಗ್ಲಾದೇಶಿ!

ಘಟಕ್ ಹುಟ್ಟಿದ್ದು ಢಾಕಾದಲ್ಲಿ, ೧೯೨೫ರಲ್ಲಿ. ಬಾಂಗ್ಲಾದೇಶ ಸ್ವತಂತ್ರವಾದ ಮೇಲೆ ಅಲ್ಲಿಗೆ ಹೋಗಿ 'ತಿತಾಶ್ ಏಕ್ಟಿ ನದೀರ್ ನಾಮ್' ತೆಗೆದರು. ಅದು ತೆರೆಗೆ ಬಂದದ್ದು ೧೯೭೩ರಲ್ಲಿ. ೧೯೭೬ರಲ್ಲಿ ತೀರಿಕೊಂಡರು. ನಿರ್ದೇಶಕರಿಗೆ ಹುಟ್ಟಿದ ನೆಲ ಮತ್ತೆ ನೋಡುವ ಯೋಗ ಇತ್ತು. ಈ ಅಜ್ಜಿಗೆ ಇರಲಿಲ್ಲ.

'ಅಣ್ಣಾ, ನಮ್ ಕ್ಯಾಂಪಿನ ಮ್ಯಾಲೂ ಒಂದು ಕನ್ನಡ ಪಿಚ್ಚರ್ ಆಗಬೇಕ್ರೀ,' ಅಂದ ಹುಡುಗ, ಬಾಣಲೆ ತೊಳೀತಾ.

ಗಾಂಧಿನಗರದ ನಿರ್ಮಾಪಕರೇ, ಒಳ್ಳೇ ಕಥೆ ಸಿಗ್ತಿಲ್ಲ ಅಂತೀರಲ್ಲ? ಒಂದು ಸಂಜೆ ಸಂಜಯನಗರಕ್ಕೆ ಬನ್ನಿ. ಎಗ್‌ರೈಸ್ ನನ್ನ ಲೆಕ್ಕ!