ಮುಂಡರಗಿ ದೂರಾಗಲಿಲ್ಲ

ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ನಿಂತುಕೊಂಡು ನಾನೊಮ್ಮೆ ಮುಂಡರಗಿಯನ್ನು ದೂರ ಸರಿಸಿದ್ದೇನೆ. ಬಹಳೇನಲ್ಲ, ವರ್ಷಕ್ಕೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಊರ ಮಂದಿಯೆಲ್ಲ ನೋಡಿದ್ದಾರೆ, ಚಪ್ಪಾಳೆಯನ್ನೂ ತಟ್ಟಿದ್ದಾರೆ.

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಕರೆದಲ್ಲಿಗೆ ಹೋಗಿ ವಿಶ್ವದ ಬಗ್ಗೆ ಮಾತಾಡುವ ಚಟ ಹತ್ತಿಸಿಕೊಂಡವನು. ಚಟದ ಮೂಲ 1980ರ ಫೆಬ್ರುವರಿ 16ರಲ್ಲಿದೆ. ಅಂದು ಮಧ್ಯಾಹ್ನ ಇಳಿಹೊತ್ತಿನಲ್ಲಿ ಚಂದ್ರನ ನೆರಳು ಗದಗ-ಬೆಟಗೇರಿಯ ಮೇಲೆಯೇ ಹಾದುಹೋಯಿತು; ಎರಡು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ತಿ ಮುಚ್ಚಿಹೋಗಿದ್ದ. ಆ ನೆರಳಿಗಾಗಿ ವಿಜ್ಞಾನಿಗಳು ದುರ್ಬೀನು ಹೊತ್ತು ರಾಯಚೂರು ಸೀಮೆಯ ಜವಳಗೇರಾಕ್ಕೆ ಬಂದು ಬಿಡಾರ ಹೂಡಿದ್ದರು. ನೆರಳು ತಾನಾಗಿ ಮನೆ ಬಾಗಿಲಿಗೆ ಬಂದಿದ್ದರೂ ಹತ್ತು ವರ್ಷದ ನನ್ನನ್ನು ಬೆಟಗೇರಿಯ ಮನೆಯ ಮಗ್ಗದ ಕೋಣೆಯಲ್ಲಿ ಕೂಡಿ, ಕಿಟಕಿಗೆ ಗೋಣಿಚೀಲ ತುರುಕಿದ್ದರು. ಹೊರಗೆ ಕಾಗೆಗಳ ಗದ್ದಲ ಒಮ್ಮೆಲೇ ನಿಂತಾಗಲೇ ಏನೋ ಆಯಿತೆಂದು ತಿಳಿದದ್ದು. ಆ ಗೋಣಿಚೀಲದ ಮೇಲಿನ ಸಿಟ್ಟನ್ನು ಭಾಷಣ ಮಾಡಿ ತೀರಿಸಿಕೊಳ್ಳುತ್ತ ಬಂದಿದ್ದೇನೆ.

ಶಿರಹಟ್ಟಿ ತಾಲೂಕಿನ ಆ ಹಳ್ಳಿಯಲ್ಲಿದ್ದದ್ದು ಒಂದು ಎನ್‌ಎಸ್‌ಎಸ್ ಶಿಬಿರ. ಸಂಜೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಉಪನ್ಯಾಸ. ಹುಡುಗರಿಗಿಂತ ಊರವರೇ ಹೆಚ್ಚು. ಮಹಾಸ್ಫೋಟ, 1380 ಕೋಟಿ ವರ್ಷ, 1929ರಲ್ಲಿ ಹಬಲ್ ಕಂಡುಕೊಂಡ ಹಿಗ್ಗುವ ವಿಶ್ವ ಎಲ್ಲ ಹೇಳಿದೆ. ಕೊನೆಗೆ ನನ್ನ ಹುಕುಮಿನ ಎಲೆ ತೆಗೆದೆ: ಒಂದು ಪುಗ್ಗಾ. ಅದರ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಟ್ಟು, ಒಂದೊಂದು ಚುಕ್ಕಿ ಒಂದೊಂದು ಗೆಲಾಕ್ಸಿ ಎಂದು ಹೇಳಿ ಊದಿದೆ. ಚುಕ್ಕಿಗಳು ಒಂದರಿಂದೊಂದು ದೂರ ಸರಿದವು. ಹುಡುಗರು ಹೋ ಎಂದರು.

ಹಿಂದಿನಿಂದ ಒಬ್ಬ ಹಿರಿಯರು ಎದ್ದರು. ತಲೆಗೆ ಪಟಗಾ, ಹೆಗಲ ಮೇಲೆ ಟವೆಲ್ಲು. "ಮಾಸ್ತರ, ಒಂದ್ ಮಾತು ಕೇಳ್ಲೇನ್ರಿ? ಚುಕ್ಕಿ ಬರೇ ದೂರ ಸರೀಲಿಲ್ರಿ, ದಪ್ಪನೂ ಆದ್ವು. ಮಗಳನ್ನ ಮುಂಡರಗಿಗೆ ಕೊಟ್ಟೀನಿ. ಹಂಗಾರ ಮುಂಡರಗಿನೂ ನಮ್ಮಿಂದ ದೂರ ಹೊಂಟೈತೇನ್ರಿ?"

ಜನ ನಕ್ಕರು. ನಾನೂ ನಕ್ಕೆ. ಯೋಚಿಸಲು ಆ ನಗುವಿನಷ್ಟು ಹೊತ್ತಾದರೂ ಇತ್ತು. ಯೋಚಿಸಲಿಲ್ಲ.

"ಹೊಂಟೈತ್ರಿ ಅಜ್ಜಾರ!" ಎಂದೆ. ಸಾಲದ್ದಕ್ಕೆ ಬೋರ್ಡಿನ ಮೇಲೆ ಲೆಕ್ಕವನ್ನೂ ಹಾಕಿದೆ. ದೂರ ನಲವತ್ತು ಕಿಲೋಮೀಟರ್ ಎಂದು ಹಿಡಿದೆ, 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ವೇಗವಾದರೆ ನಲವತ್ತು ಕಿಲೋಮೀಟರಿಗೆ ಎಷ್ಟು? ವರ್ಷಕ್ಕೆ ಕೂದಲೆಳೆಯ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು! ಇಷ್ಟಕ್ಕೆ ನಿಲ್ಲಿಸಿದ್ದರೆ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಚಂದ್ರನೂ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ, ಇದೇ ಸಾಕ್ಷಿ ಎಂದುಬಿಟ್ಟೆ. ಚಪ್ಪಾಳೆ. ಶಾಲು. ಹಾರ. ಹಿರಿಯರು ಮಾತ್ರ ಚಪ್ಪಾಳೆ ತಟ್ಟದೆ, ಬೋರ್ಡನ್ನೇ ನೋಡುತ್ತ ಕೂತಿದ್ದರು.

ಚಹಾ ಕುಡಿಯುವಾಗ ಶಿಬಿರದ ಒಬ್ಬ ಹುಡುಗಿ ಹತ್ತಿರ ಬಂದಳು. "ಸರ, ಮುಂಡರಗಿ ಹಾದಿ ಹಿಗ್ಗಿದ್ರ ಅಳಿಯೋ ಟೇಪೂ ಹಿಗ್ಗಬೇಕಲ್ರಿ? ಮತ್ತ ಹಿಗ್ಗಿದ್ದು ಗೊತ್ತಾಗೂದು ಹೆಂಗ್ರಿ?" ಬಸ್ಸಿಗೆ ಹೊತ್ತಾಯಿತು ಎಂದೆ. ನಿಜ ಹೇಳಬೇಕೆಂದರೆ ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು.

ರಾತ್ರಿ ಪುಸ್ತಕ ತೆಗೆದವನಿಗೆ ಬೆಳಗಿನ ಜಾವದ ತನಕ ನಿದ್ದೆ ಇಲ್ಲ. ಮುಂಡರಗಿ ಎಲ್ಲಿಗೂ ಹೊರಟಿಲ್ಲ. ವಿಶ್ವ ಹಿಗ್ಗುವುದು ಗೆಲಾಕ್ಸಿಗಳ ಗುಂಪು ಗುಂಪುಗಳ ನಡುವಿನ ಭಾರೀ ಬಯಲಿನಲ್ಲಿ. ಎಲ್ಲಿ ಗುರುತ್ವ ಗಟ್ಟಿಯಾಗಿ ಹಿಡಿದಿದೆಯೋ ಅಲ್ಲಿ ಅದರ ಆಟ ನಡೆಯುವುದಿಲ್ಲ. ಭೂಮಿ ಹಿಗ್ಗುವುದಿಲ್ಲ, ಸೌರಮಂಡಲ ಹಿಗ್ಗುವುದಿಲ್ಲ, ನಮ್ಮ ಆಕಾಶಗಂಗೆಯೂ ಹಿಗ್ಗುವುದಿಲ್ಲ. ಅಳೆಯುವ ಟೇಪನ್ನಂತೂ ಅದರ ಅಣುಗಳ ನಡುವಿನ ವಿದ್ಯುತ್ ಬಲವೇ ಹಿಡಿದಿಟ್ಟಿದೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ದೂರ ಹೋಗುವುದಿರಲಿ, ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಇನ್ನು ಚಂದ್ರ ದೂರ ಸರಿಯುವುದು ಕಡಲಿನ ಉಬ್ಬರ-ಇಳಿತದ ಜಗ್ಗಾಟದಿಂದ; ವಿಶ್ವ ಹಿಗ್ಗುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನನ್ನ ಸಾಕ್ಷಿಯೂ ಸುಳ್ಳುಸಾಕ್ಷಿಯೇ.

ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಈಗಲೂ ಮೈ ಜುಮ್ಮೆನ್ನಿಸುವುದು ಅದೇ. ಹಾಕಲೇಬಾರದಿದ್ದ ಜಾಗದಲ್ಲಿ ಬಹಳ ಚೆನ್ನಾಗಿ ಲೆಕ್ಕ ಹಾಕಿದ್ದೆ. ಹಿರಿಯರು ಕೇಳಿದ್ದಾದರೂ ಏನು? ಚುಕ್ಕಿ ದಪ್ಪ ಆಗುತ್ತಿದೆ, ನಿನ್ನ ಪುಗ್ಗಾದಲ್ಲೇ ಏನೋ ಐಬಿದೆ ಎಂದಲ್ಲವೇ? ವರ್ಷಗಟ್ಟಲೆ ಅದೇ ಪುಗ್ಗಾ ಊದುತ್ತ ಬಂದಿದ್ದ ನಾನು ಆ ಚುಕ್ಕಿಗಳನ್ನು ಒಮ್ಮೆಯೂ ದಿಟ್ಟಿಸಿ ನೋಡಿರಲಿಲ್ಲ. ಜನರ ಮುಖ ನೋಡುತ್ತಿದ್ದೆ.

ಮರುವಾರ ಸಂಕ್ರಾಂತಿ. ಮನೆಯಲ್ಲಿ ಸಜ್ಜಿ ರೊಟ್ಟಿ. ಹೆಂಡತಿ ಹಿಟ್ಟಿನ ಉಂಡೆಯನ್ನು ಅರ್ಧ ಬಡಿದು, ಮೇಲೆ ಎಳ್ಳು ಉದುರಿಸಿ, ಅಂಗೈಯಿಂದ ಮತ್ತೆ ತಿರುವಿ ತಿರುವಿ ಬಡಿಯುತ್ತಿದ್ದಳು. ರೊಟ್ಟಿ ಅಗಲವಾದಂತೆ ಒಂದಕ್ಕೊಂದು ಒತ್ತಿಕೊಂಡಿದ್ದ ಎಳ್ಳು ಬಿಡಿಬಿಡಿಯಾಗಿ ಸರಿದವು. ಎಳ್ಳು ಮಾತ್ರ ಎಳ್ಳಿನಷ್ಟೇ ಉಳಿದವು. ನಾನು ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದೆ. "ಏನ್ರಿ, ರೊಟ್ಟ್ಯಾಗ ಹುಳಾ ಹುಡಕಾಕತ್ತೀರೇನು?" ಎಂದಳು. ಪುಗ್ಗಾದ ಸಂಗತಿ ಹೇಳಿದೆ. ಅವಳಿಗೆ ವಿಶ್ವಕ್ಕಿಂತ ಮುಂಡರಗಿಗೆ ಹೋದ ಆ ಮಗಳದೇ ಚಿಂತೆಯಾಯಿತು. "ಪಾಪ, ಆ ಮುತ್ಯಾಗ ಹೋಗಿ ಹೇಳಿ ಬರ್ರಿ" ಎಂದಳು.

ಹೋಗಲು ಎರಡು ವಾರ ತೆಗೆದುಕೊಂಡೆ. ಅಷ್ಟರಲ್ಲಿ ಮನಸ್ಸು ಸಾಕಷ್ಟು ವಕೀಲಿಕೆ ಮಾಡಿತು. ಮೂರು ಮೈಕ್ರೋಮೀಟರಿನಿಂದ ಯಾರ ಗಂಟು ಹೋಯಿತು, ಬಸ್ಸಿನ ಚಾರ್ಜು ಹೆಚ್ಚಾಯಿತೇ, ಯಾರಿಗೆ ನೆನಪಿರುತ್ತದೆ ಎಂದೆಲ್ಲ. ಮಗ್ಗದ ಕೋಣೆಯ ಕಿಟಕಿಗೆ ಚೀಲ ತುರುಕಿದವರು ನನ್ನ ಒಳ್ಳೆಯದಕ್ಕೆಂದೇ ತುರುಕಿದ್ದರು. ನಾನು ಚಪ್ಪಾಳೆಗಾಗಿ ತುರುಕಿದ್ದೆ.

ಬಣವಿಯ ಹತ್ತಿರ ಎತ್ತಿಗೆ ಮೇವು ಹಾಕುತ್ತಿದ್ದ ಹಿರಿಯರು ಗುರುತು ಹಿಡಿದರು. ಹೊರಸು ಹಾಕಿ ಕೂರಿಸಿದರು. ನನ್ನ ತಪ್ಪನ್ನು ಎಳ್ಳಿನ ಸಮೇತ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು.

"ನಾ ಅವತ್ತ ಮಗಳಿಗೆ ಫೋನ್ ಹಚ್ಚಿ ಹೇಳೀನ್ರಿ, ನೀ ದೂರ ಹೊಂಟಿಯವ್ವಾ, ಮಾಸ್ತರು ಲೆಕ್ಕಾ ಹಾಕಿ ತೋರ್ಸ್ಯಾರ ಅಂತ. ಹಂಗಾರ ಜಲ್ದಿ ಬಂದ್ ನೋಡ್ಕೊಂಡ್ ಹೋಗಪಾ ಅಂದ್ಳು. ಹೋಗಿ ಬಂದೀನ್ರಿ." ಟವೆಲ್ಲಿನಿಂದ ಮೀಸೆ ಒರೆಸಿಕೊಂಡರು. "ಎಳ್ಳಿಂದು ತಿಳೀತ್ರಿ. ಆದ್ರ ರೊಟ್ಟಿ ಅಗಲ ಆಗಬೇಕಂದ್ರ ಬುಡಕ ಕಲ್ಲ ಬೇಕಲ್ರಿ. ನಿಮ್ಮ ಈ ರೊಟ್ಟೀನ್ನ ಯಾವುದರ ಮ್ಯಾಲ ಬಡಿಯಾಕತ್ತಾರ?"

ಬುಡದಲ್ಲಿ ಕಲ್ಲೇ ಬೇಕಿಲ್ಲ, ಹೊರಗೆ ಜಾಗವೇ ಬೇಕಿಲ್ಲ, ನಡುವಿನ ಅಂತರವಷ್ಟೇ ಹೆಚ್ಚುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆ ವಾಕ್ಯ ನಾಲಿಗೆಯ ತುದಿಗೆ ಬಂದೇ ಬಂದಿತ್ತು. ಅದನ್ನು ನಾನೇ ಎಷ್ಟು ತಿಳಿದುಕೊಂಡಿದ್ದೇನೆ ಎಂದು ಕೇಳಿಕೊಂಡೆ. ಕಪ್ಪತಗುಡ್ಡದ ಗಾಳಿಯಂತ್ರಗಳ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತೆ. ಎತ್ತು ಮೇವು ಮೆಲ್ಲುವ ಸಪ್ಪಳ ಕೇಳುತ್ತಿತ್ತು.

"ಬಸ್ಸಿಗೆ ಹೊತ್ತಾತೇನ್ರಿ ಮಾಸ್ತರ?" ಎಂದರು ಹಿರಿಯರು.

ಇಲ್ಲ, ಇನ್ನೂ ಭಾಳ ಹೊತ್ತೈತ್ರಿ ಎಂದೆ.