ಬಿಟ್ಟುಬಂದ ಊರಿನ ಹೆಸರು

ಪುಣೆಯಲ್ಲಿ ಮಗಳ ಜನನ ಪ್ರಮಾಣಪತ್ರದ ಅರ್ಜಿ ನೋಡಿ ಗುಮಾಸ್ತರು ಕೇಳಿದರು: ‘ಬಾಗಲಕೋಟಿ ಅಂದರೆ ಬಾಗಲಕೋಟಕರ್ ತಾನೇ?’

ಮರಾಠಿಯಂತೆ ‘ಕರ್’ ಹಚ್ಚದೆ ಊರಿನ ಹೆಸರನ್ನೇ ಅಡ್ಡಹೆಸರಾಗಿಸುವುದು ನಮ್ಮ ಕಡೆಯ ರೂಢಿ. ಮನೆ ‘ಮನಿ’ಯಾದಂತೆ ಕೋಟೆ ‘ಕೋಟಿ’. ಭಾಷಾವಿಜ್ಞಾನ ಓದಿದ ನನಗೆ ಅಷ್ಟು ಗೊತ್ತಿತ್ತು. ಉಳಿದದ್ದನ್ನು ಅಜ್ಜಿ ಹೇಳಿದ್ದಳು: ‘ಊರಾಗ ಇದ್ದಾಗ ನಮಗ ಯಾರು ಬಾಗಲಕೋಟಿ ಅಂತಿದ್ರು? ನಿಮ್ಮ ಅಜ್ಜಾರು ಸೊಲ್ಲಾಪುರದ ಗಿರಣಿಗೆ ಬಂದ ಮ್ಯಾಲ ಜನ ಇಟ್ಟ ಹೆಸರು ಅದು.’

ಅಡ್ಡಹೆಸರು ಊರಿನಲ್ಲಿದ್ದವರ ಗುರುತು ಎಂದುಕೊಂಡಿದ್ದೆ. ಅದು ಊರು ಬಿಟ್ಟವರ ಗುರುತು. ಅಜ್ಜ ಹುಟ್ಟಿದ ಓಣಿ ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಅಲ್ಲಿಯ ನೆರೆಹೊರೆಯವರೂ ನವನಗರಕ್ಕೆ ಹೋದರು.

ಅರ್ಜಿಯಲ್ಲಿ ‘ಬಾಗಲಕೋಟಿ’ಯನ್ನೇ ಉಳಿಸಿದೆ. ಮಗಳಿಗೆ ಆ ಓಣಿ ತೋರಿಸಲಾರೆ. ‘ಕೋಟೆ’ ಅಲ್ಲ, ‘ಕೋಟಿ’ ಅನ್ನಲು ಕಲಿಸಬಲ್ಲೆ.