ಬೇರೆ ಏನಾದರೂ ಇದ್ದರೆ ಬರೆಯಿರಿ

ನನ್ನ ಶೀಟಿನ ಮೊದಲ ಕಾಲಮ್ ಮಾತ್ರ ನೋಡಿದವರಿಗೆ, ನಮ್ಮ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳೆಲ್ಲ ಸಂಜೆ ನಾಲ್ಕೂಕಾಲಕ್ಕೆ ಸರಿಯಾಗಿ ಅಳಲು ಶುರು ಮಾಡುತ್ತಾರೆ ಅನ್ನಿಸೀತು. ಗೂಗಲ್ ಫಾರ್ಮ್ ತುಂಬಿ ಕಳಿಸಿದ ಕೂಡಲೇ ದಿನಾಂಕವೂ ವೇಳೆಯೂ ತಾವಾಗಿಯೇ ಅಲ್ಲಿ ಬಂದು ಕೂರುತ್ತವೆ. ಅದು ಮಗು ಅತ್ತ ವೇಳೆಯಲ್ಲ. ಶಾಲೆ ಬಿಟ್ಟ ಮೇಲೆ ಅಕ್ಕೋರು ಬಸ್ಸಿಗೆ ಕಾಯುತ್ತ, ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ನಿಂತು ಬಟನ್ ಒತ್ತಿದ ವೇಳೆ. ಅದಕ್ಕೇ ನಾನು ‘ಇದು ನಡೆದದ್ದು ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಇಟ್ಟಿದ್ದೇನೆ.

ನಾನು ಘಟ್ಟದ ಮೇಲಿನ ಒಂದು ತಾಲ್ಲೂಕಿನಲ್ಲಿ ಬಿಐಇಆರ್‌ಟಿ. ಹಾಗಂದರೆ ಏನು ಎಂದು ನಮ್ಮ ಮನೆಯವರಿಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಸಾಮಾನ್ಯ ಶಾಲೆಗೆ ಬರುವ ಅಂಗವಿಕಲ ಮಕ್ಕಳನ್ನು ಶಾಲೆಯಿಂದ ಶಾಲೆಗೆ ಹೋಗಿ ನೋಡುವುದು, ಬರಲಾಗದವರ ಮನೆಗೇ ಹೋಗಿ ಕಲಿಸುವುದು ನನ್ನ ಕೆಲಸ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ ಅದು 21 ಆಯಿತು. ಹಳೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, ಓದು ಬರಹದಲ್ಲಿ ಮಾತ್ರ ತೊಡಕಿರುವ ಮಕ್ಕಳೂ ಇರಲಿಲ್ಲ. ಪಟ್ಟಿ ಬೆಳೆದ ಹಾಗೆ ತುಂಬಬೇಕಾದ ಕಾಲಮ್ಮುಗಳೂ ಬೆಳೆದವು. ಯುಡೈಸ್ ಪ್ಲಸ್‌ನಲ್ಲಿ ಮಗು ವಿಶೇಷ ಅಗತ್ಯದ್ದೋ ಅಲ್ಲವೋ, ಹೌದಾದರೆ ಯಾವ ಬಗೆ ಎಂದು ಕೇಳುತ್ತಾರೆ. ದೇಶಕ್ಕೆ ಒಂದು ಲೆಕ್ಕ ಬೇಕು, ಸರಿ. ಆದರೆ ಸೋಮವಾರ ಬೆಳಿಗ್ಗೆ ಮೂರನೇ ತರಗತಿಯ ಬಾಗಿಲಲ್ಲಿ ನಿಂತಾಗ ಆ ಲೆಕ್ಕದಿಂದ ನನಗೆ ಕೈಗೆ ಹತ್ತುವಂಥದ್ದು ಏನೂ ಸಿಗುವುದಿಲ್ಲ. ಹಾಗಾಗಿ ನನ್ನದೇ ಒಂದು ಸಣ್ಣ ಫಾರ್ಮ್ ಮಾಡಿಕೊಂಡೆ.

ಅದರಲ್ಲಿರುವುದು ನಮ್ಮ ತರಬೇತಿಯಲ್ಲಿ ಎಬಿಸಿ ದಾಖಲೆ ಅನ್ನುವ ಹಳೆಯ ವಿಧಾನವೇ. ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಸುತ್ತ ಇದ್ದವರು ಏನು ಮಾಡಿದರು. ಉತ್ತರಗಳ ಪಟ್ಟಿಯಲ್ಲಿ ‘ಹಠ’, ‘ತಂಟೆ’, ‘ಮೊಂಡು’ ಎಂಬ ಪದಗಳಿಗೆ ಜಾಗ ಕೊಟ್ಟಿಲ್ಲ. ಕಿವಿ ಮುಚ್ಚಿಕೊಂಡ, ತಲೆ ಬಡಿದುಕೊಂಡ, ಹೊರಗೆ ಓಡಿದ, ಹೀಗೆ ಕಣ್ಣಿಗೆ ಕಂಡದ್ದು ಮಾತ್ರ. ಈ ಒಂದು ವಿಷಯಕ್ಕೆ ಒಬ್ಬ ಮೇಷ್ಟ್ರು ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ್ದಾರೆ. “ಹಠಕ್ಕೆ ಹಠ ಅನ್ನದೆ ಇನ್ನೇನು ಅನ್ನಬೇಕು ಮೇಡಂ?” ಕಡೆಗೆ ಒಂದು ಖಾಲಿ ಚೌಕ: ‘ಬೇರೆ ಏನಾದರೂ ಇದ್ದರೆ ಬರೆಯಿರಿ.’ ಅದನ್ನು ಹೆಚ್ಚಿನವರು ಹಾಗೇ ಬಿಡುತ್ತಾರೆ.

ಒಬ್ಬ ಹುಡುಗನಿದ್ದಾನೆ, ಪುಟ್ಟ ಎನ್ನೋಣ. ಮೂರನೇ ತರಗತಿ, ಆಟಿಸಂ, ಮಾತಿಲ್ಲ. ಕಿವಿಗೆ ತಾನೇ ಹೊಡೆದುಕೊಳ್ಳುತ್ತಿದ್ದ, ಕಿರುಚಿ ಗೇಟಿನತ್ತ ಓಡುತ್ತಿದ್ದ. ಗೇಟಿನಾಚೆ ಲಾರಿ ಓಡಾಡುವ ರಸ್ತೆ. ಅವನು ಶಾಲೆಗೆ ಬರುವುದು ಬೇಡ, ಮನೆಯಲ್ಲೇ ಇರಲಿ ಎಂಬ ಮಾತು ಆಗಲೇ ಹೊರಟಿತ್ತು. ಅವನಿಗೆ ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ ಎಂದು ಶಾಲೆಯವರ ದೂರು. ಸಹಿ ಹಾಕುವ ಮುಂಚೆ ಅವನ ತಾಯಿಗೆ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು, “ಇಷ್ಟೆಲ್ಲ ಬರ್ಕೊಂಡ್ರೆ ಇವನಿಗೆ ಏನಾದ್ರೂ ಸಿಗ್ತದಾ ಅಕ್ಕೋರೆ?” ಅಂದರು. ದುಡ್ಡು ಸಿಗುವುದಿಲ್ಲ, ಶಾಲೆ ತಪ್ಪದಂತೆ ಮಾಡಲು ದಾರಿ ಸಿಗಬಹುದು ಅಂದೆ.

ನಾಲ್ಕು ವಾರಕ್ಕೆ 23 ಸಾಲು ಬಂದವು. ವೇಳೆಯ ಪ್ರಕಾರ ಜೋಡಿಸಿದರೆ 17 ಸಾಲು ಊಟದ ಗಂಟೆಯ ಆಚೀಚೆ. ಹಸಿವೆಯೇ? ‘ಮೊದಲು ಏನಾಯಿತು’ ಎಂಬಲ್ಲಿ ಅಕ್ಕೋರು ಪ್ರತಿಸಲ ‘ಏನೂ ಇಲ್ಲ’ ಎಂದೇ ಒತ್ತಿದ್ದರು. ಸುಳ್ಳಲ್ಲ, ಅವರ ಮಟ್ಟಿಗೆ ಏನೂ ಆಗಿರಲಿಲ್ಲ. ಒಂದೇ ಒಂದು ಸಾಲಿನ ಕೊನೆಯ ಚೌಕದಲ್ಲಿ ಮಾತ್ರ, ‘ಬಿಸಿಯೂಟದ ಅಕ್ಕ ಹೇಳಿದರು, ತಟ್ಟೆ ಸುರಿಯುವಾಗ’ ಎಂದಿತ್ತು. ಮರುದಿನ ಹೋಗಿ ಜಗಲಿಯಲ್ಲಿ ಕೂತೆ. ತೊಳೆದ ಸ್ಟೀಲು ತಟ್ಟೆಗಳನ್ನು ಬುಟ್ಟಿಯಿಂದ ಒಟ್ಟಿಗೇ ಸಿಮೆಂಟು ಕಟ್ಟೆಗೆ ಸುರಿಯುತ್ತಾರೆ. ಹತ್ತು ವರ್ಷದಿಂದ ಆ ಸದ್ದಿನಲ್ಲೇ ಪಾಠ ಮಾಡಿದವರಿಗೆ ಅದು ಸದ್ದೇ ಅಲ್ಲ. ಪುಟ್ಟ ಮಾತ್ರ ಸದ್ದು ಬರುವ ಮೊದಲೇ, ಬುಟ್ಟಿ ಕಂಡಾಗಲೇ ಕಿವಿಗೆ ಕೈ ಒಯ್ದ.

ಬುಟ್ಟಿಯ ಕೆಳಗೆ ಒಂದು ಗೋಣಿಚೀಲ ಹಾಸಿದರು. ಗಂಟೆ ಹೊಡೆಯುವ ಐದು ನಿಮಿಷ ಮೊದಲು ಪುಟ್ಟ ಅಡುಗೆಕೋಣೆಗೆ ಹೋಗಿ ತನ್ನ ತಟ್ಟೆ ತಾನೇ ತರುವುದು ರೂಢಿಯಾಯಿತು. ಮುಂದಿನ ತಿಂಗಳು ಊಟದ ಹೊತ್ತಿನವು 4 ಸಾಲು. ಉಳಿದ ಹೊತ್ತಿನವು ಕಡಿಮೆಯಾಗಲಿಲ್ಲ, ಅವಕ್ಕೆ ಕಾರಣ ಇನ್ನೂ ಹುಡುಕುತ್ತಿದ್ದೇವೆ. ಅವನು ಶಾಲೆಗೆ ಬರುತ್ತಿದ್ದಾನೆ. ಕಾರಣ ಕಂಡುಹಿಡಿದದ್ದು ಫಾರ್ಮ್ ಎಂದು ಸಭೆಯಲ್ಲಿ ಯಾರೋ ಹೊಗಳಿದರು. ಅದು ಹೊತ್ತನ್ನಷ್ಟೇ ತೋರಿಸಿತ್ತು, ಕಾರಣ ಗೊತ್ತಿದ್ದುದು ಬಿಸಿಯೂಟದ ಅಕ್ಕನಿಗೆ. ಅವರನ್ನು ಯಾವ ಫಾರ್ಮೂ ಕೇಳುವುದಿಲ್ಲ.

ಕಾಗದದ ಪುಸ್ತಕಕ್ಕೆ ಒಂದು ಗುಣವಿತ್ತು, ಅದು ಬೀರುವಿನಲ್ಲಿರುತ್ತಿತ್ತು. ಹಿಂದೊಮ್ಮೆ ಮೇಲಿನಿಂದ ಬಂದ ಒಂದು ಶೀಟಿನ ಲಿಂಕು, ಮಕ್ಕಳ ಹೆಸರು, ಪ್ರಮಾಣಪತ್ರದ ಶೇಕಡಾವಾರು, ತಂದೆಯ ಫೋನ್ ನಂಬರ್ ಸಮೇತ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಲಿಂಕ್ ಇದ್ದವರೆಲ್ಲ ತೆರೆಯಬಹುದಿತ್ತು. “ಪೇಟೆಯಲ್ಲಿ ಒಬ್ಬರು ನನ್ನ ಮಗಳಿಗೆ ಎಷ್ಟು ಪರ್ಸೆಂಟು ಅಂತ ಕೇಳಿದ್ರು ಅಕ್ಕೋರೆ” ಎಂದು ಒಬ್ಬ ತಂದೆ ತಲೆ ತಗ್ಗಿಸಿ ಹೇಳಿದರು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಆ ತಂದೆಯ ಮುಖ ಸಾಕಿತ್ತು. ನನ್ನ ಫಾರ್ಮಿನಲ್ಲಿ ಮಗುವಿನ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದ್ದು ಎಂಬುದು ಡೈರಿಯಲ್ಲಿದೆ, ಡೈರಿ ಮನೆಯ ಬೀರುವಿನಲ್ಲಿದೆ.

ಗುರುವಾರ ಮನೆಗೆ ಹೋಗಿ ಕಲಿಸುವ ದಿನ. ಅವತ್ತಿನ ಕೊನೆಯ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ. ಸೆರೆಬ್ರಲ್ ಪಾಲ್ಸಿ, ಕುತ್ತಿಗೆ ನಿಲ್ಲುವುದಿಲ್ಲ. ತಿಂಗಳ ವರದಿಯಲ್ಲಿ ಅವಳ ಸಾಲಿಗೆ ಇದ್ದ ಆಯ್ಕೆ ಎರಡೇ: ಪ್ರಗತಿ ಇದೆ, ಪ್ರಗತಿ ಇಲ್ಲ. ‘ಇಲ್ಲ’ ಎಂದರೆ ಆ ಚೌಕ ಕೆಂಪಾಗುತ್ತದೆ. ಪರಿಶೀಲನಾ ಸಭೆಯಲ್ಲಿ ಒಬ್ಬ ಅಧಿಕಾರಿ ಪರದೆಯ ಮೇಲಿನ ಸಾಲುಸಾಲು ಕೆಂಪು ನೋಡಿ, “ಮೇಡಂ, ಈ ದಿನ ಶಾಲೆಗೆ ಕೊಟ್ಟರೆ ನಾಲ್ಕು ಮಕ್ಕಳು ಸಿಗ್ತಾರಲ್ಲ?” ಅಂದರು. ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕವೂ ತಪ್ಪಲ್ಲ, ನನಗಿರುವುದು ವಾರಕ್ಕೆ ಆರೇ ದಿನ.

ಎರಡು ತಿಂಗಳ ಸಮಯ ಕೇಳಿಕೊಂಡು ಬಂದೆ. ನನ್ನ ಶೀಟಿನಲ್ಲಿ ಅವಳಿಗೆ ಬೇರೆಯೇ ಕಾಲಮ್ ಇತ್ತು. ಎದೆಯ ಕೆಳಗೆ ಸುತ್ತಿದ ಕಂಬಳಿ ಇಟ್ಟು ಬೋರಲು ಮಲಗಿಸಿದರೆ ತಲೆ ಎತ್ತಿ ಹಿಡಿದ ಸೆಕೆಂಡುಗಳು. ಜುಲೈಯಲ್ಲಿ 3, ಅಕ್ಟೋಬರಿನಲ್ಲಿ 5, ಫೆಬ್ರವರಿಯಲ್ಲಿ 11. ಅದರ ಗೆರೆ ಎಳೆದು ಮುಂದಿಟ್ಟೆ. ಮೇಲೆ ಹೋಗುವ ಗೆರೆ ಯಾರಿಗೂ ಇಷ್ಟ. ಗುರುವಾರ ಉಳಿಯಿತು. “ಈಗ ಕರು ಕೂಗಿದ್ರೆ ಕುತ್ತಿಗೆ ಎತ್ತಿ ಕಿಟಕಿ ಬದಿ ನೋಡ್ತದೆ” ಎಂದು ಅವಳ ಅಜ್ಜಿ ಹೇಳಿದ್ದನ್ನು ಕೊನೆಯ ಚೌಕದಲ್ಲಿ ಬರೆದಿದ್ದೆ. ಸಭೆಯಲ್ಲಿ ಅದನ್ನು ತೆರೆದು ನೋಡುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ಮಾರ್ಚಿಯಲ್ಲಿ ಅವಳಿಗೆ ಜ್ವರ ಬಂದು ಎರಡು ಸಲ ಫಿಟ್ಸ್ ಆಯಿತು. ಏಪ್ರಿಲ್‌ನಲ್ಲಿ 4. ಗೆರೆ ಕೆಳಗೆ ಬಂತು. ಅದನ್ನು ಇದ್ದ ಹಾಗೇ ತುಂಬಿದೆ, ಪಕ್ಕದಲ್ಲಿ ಜ್ವರದ ವಿಷಯವನ್ನೂ ಬರೆದೆ. ಅಜ್ಜಿ ಕಂಬಳಿ ಬದಲು ಹಳೆಯ ಸೀರೆ ಸುತ್ತಿ ಇನ್ನಷ್ಟು ಮೆತ್ತಗೆ ಮಾಡಿದ್ದರು. ಮೇ ರಜೆಯ ಸಾಲು ಖಾಲಿ. ಜೂನ್‌ನ ಮೊದಲ ಗುರುವಾರ 6 ಎಣಿಸಿದೆ. ಅಂಗಳದಲ್ಲಿ ಮಳೆ ಹೊಡೆಯುತ್ತಿತ್ತು. ನೆಟ್‌ವರ್ಕ್ ಇರಲಿಲ್ಲ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಸ್ಸಿಗೆ ನಡೆದೆ.